ಅಮ್ಮನ ಕೋಣೆಯ ಕ್ಯಾಮೆರಾ: ನೋಡುತ್ತಿರುವುದು ನೀವು ಮಾತ್ರವೇ?

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. 78 ವರ್ಷದ ಅಮ್ಮ ಶಿವಮೊಗ್ಗದ ಮನೆಯಲ್ಲಿದ್ದಾರೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಹಗಲು ರಾತ್ರಿ ಒಬ್ಬ ಹೋಂ ನರ್ಸ್ ಜೊತೆಗಿರುತ್ತಾರೆ. ಧೈರ್ಯಕ್ಕೆ ಇರಲಿ ಎಂದು ನಡುಮನೆಯಲ್ಲೊಂದು, ಅಮ್ಮ ಮಲಗುವ ಕೋಣೆಯಲ್ಲೊಂದು ವೈಫೈ ಕ್ಯಾಮೆರಾ ಹಾಕಿಸಿದೆವು. ಅಂಗಡಿಯ ಹುಡುಗನೇ ಬಂದು ಎಲ್ಲ ಜೋಡಿಸಿ, ನನ್ನ ಮತ್ತು ಅಣ್ಣನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟ. ಈಚೆಗೆ ರಾತ್ರಿ ಹೊತ್ತು ಕ್ಯಾಮೆರಾ ತಾನಾಗಿಯೇ ಕತ್ತು ತಿರುಗಿಸುತ್ತದೆ ಎಂದು ಅಮ್ಮ ಹೆದರಿದ್ದಾರೆ. ಬೇರೆಯವರು ನೋಡುತ್ತಿರಬಹುದೇ? ಮನೆಯಲ್ಲಿ ಒಂದು ಸ್ಮಾರ್ಟ್ ಟಿವಿ, ಅಗ್ಗಕ್ಕೆ ಕೊಂಡ ಒಂದು ಆಂಡ್ರಾಯ್ಡ್ ಟಿವಿ ಬಾಕ್ಸ್ ಕೂಡ ಇವೆ. ಎಲ್ಲವನ್ನೂ ಕಿತ್ತು ಹಾಕಬೇಕೇ?
– ಹೆಸರು ಬೇಡ, ಪುಣೆ

ಉತ್ತರ: ಮೊದಲು ಕ್ಯಾಮೆರಾ ತಿರುಗಿದ ವಿಷಯ, ಏಕೆಂದರೆ ನಿಮ್ಮ ಅಮ್ಮನ ನಿದ್ದೆ ಅದರಲ್ಲಿ ಸಿಕ್ಕಿಕೊಂಡಿದೆ. ಕತ್ತು ಆಡಿಸುವ ಕ್ಯಾಮೆರಾ ತಾನಾಗಿ ತಿರುಗಲು ಸಾಧಾರಣ ಕಾರಣಗಳೇ ಹೆಚ್ಚು. ಕರೆಂಟ್ ಹೋಗಿ ಬಂದಾಗ ಇಂಥ ಬಹಳಷ್ಟು ಕ್ಯಾಮೆರಾಗಳು ಒಮ್ಮೆ ಎಡದ ಕೊನೆಗೆ, ಒಮ್ಮೆ ಬಲದ ಕೊನೆಗೆ ತಿರುಗಿ ಮೋಟಾರಿನ ಅಳತೆ ಸರಿಮಾಡಿಕೊಂಡು ನಿಲ್ಲುತ್ತವೆ. ಮಳೆಗಾಲದಲ್ಲಿ ಶಿವಮೊಗ್ಗದ ಕಡೆ ರಾತ್ರಿ ಕರೆಂಟ್ ಎಷ್ಟು ಸಲ ಹೋಗಿಬರುತ್ತದೆ ಎಂದು ನಿಮಗೇ ಗೊತ್ತು. ಇನ್ನೊಂದು, ಚಲನೆ ಕಂಡತ್ತ ಹಿಂಬಾಲಿಸುವ ಸೌಲಭ್ಯ. ಅದು ಚಾಲೂ ಇದ್ದರೆ ನರ್ಸ್ ನೀರು ಕುಡಿಯಲು ಎದ್ದರೂ ಸಾಕು, ಫ್ಯಾನಿನ ಗಾಳಿಗೆ ಪರದೆ ಅಲುಗಿದರೂ ಸಾಕು, ಕ್ಯಾಮೆರಾ ಆ ಕಡೆ ಹೊರಳುತ್ತದೆ. ಮೂರನೆಯದು ನಿಮ್ಮ ಅಣ್ಣ. ನಿದ್ದೆ ಬಾರದ ರಾತ್ರಿ ಅಮ್ಮ ಹೇಗಿದ್ದಾರೆ ಎಂದು ಆ್ಯಪ್ ತೆರೆದು ಬೆರಳಾಡಿಸಿರಬಹುದು. ಇಂದೇ ಕೇಳಿ.

ಹಿಂಬಾಲಿಸುವ ಸೌಲಭ್ಯವನ್ನು ಆಫ್ ಮಾಡಿ. ಆಮೇಲೂ, ಕರೆಂಟ್ ಹೋಗದ ರಾತ್ರಿಯಲ್ಲಿ, ನೀವಿಬ್ಬರೂ ಆ್ಯಪ್ ಮುಟ್ಟದಿದ್ದಾಗ ಕ್ಯಾಮೆರಾ ತಿರುಗಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಆದರೆ ಅದು ತಿರುಗಿತೋ ಇಲ್ಲವೋ ಎಂಬುದರ ಮೇಲೆ ನಿಮ್ಮ ನೆಮ್ಮದಿ ನಿಲ್ಲಬಾರದು. ಸದ್ದಿಲ್ಲದೆ ನೋಡುವವನು ಕ್ಯಾಮೆರಾ ತಿರುಗಿಸುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಬೇರೆ: 'ಅಂಗಡಿಯ ಹುಡುಗನೇ ಬಂದು ಎಲ್ಲ ಜೋಡಿಸಿದ.' ಯಾವ ಮೊಬೈಲ್ ಸಂಖ್ಯೆ ಕೊಟ್ಟು, ಯಾವ ಇಮೇಲ್ ಕೊಟ್ಟು ಆತ ಖಾತೆ ತೆರೆದ? ನಮ್ಮ ಊರುಗಳಲ್ಲಿ ಈ ಕೆಲಸ ನಡೆಯುವ ರೀತಿ ಹೀಗಿದೆ. ಮನೆಯಲ್ಲಿ ವಯಸ್ಸಾದವರು ಮಾತ್ರ ಇರುತ್ತಾರೆ, ಒಟಿಪಿ ದೂರದ ಮಗಳ ಮೊಬೈಲಿಗೆ ಹೋಗಬೇಕು, ಆಕೆ ಮೀಟಿಂಗಿನಲ್ಲಿರುತ್ತಾಳೆ. ಹುಡುಗನಿಗೆ ಮುಂದಿನ ಮನೆಗೆ ಹೋಗುವ ಅವಸರ. ತನ್ನ ಸಂಖ್ಯೆಯಲ್ಲೇ ಖಾತೆ ತೆರೆದು, ಕ್ಯಾಮೆರಾಗಳನ್ನು ಅದಕ್ಕೆ ಸೇರಿಸಿ, ಅಲ್ಲಿಂದ ನಿಮಗೂ ಅಣ್ಣನಿಗೂ 'ಹಂಚಿ' ಹೊರಡುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಬೇಕಿಲ್ಲ. ಆದರೆ ಕ್ಯಾಮೆರಾದ ಯಜಮಾನ ಅವನೇ ಆಗಿ ಉಳಿಯುತ್ತಾನೆ. ನಾಳೆ ಅವನು ಅಂಗಡಿ ಬಿಡಬಹುದು, ಮೊಬೈಲ್ ಕಳೆದುಕೊಳ್ಳಬಹುದು, ಆ ಸಂಖ್ಯೆ ಬೇರೊಬ್ಬರ ಪಾಲಾಗಬಹುದು. ನಿಮ್ಮ ಅಮ್ಮನ ಮಲಗುವ ಕೋಣೆ ಆ ಮೊಬೈಲಿನ ಜೊತೆ ಊರೂರು ಅಲೆಯುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಆ್ಯಪ್ ತೆರೆದು ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ 'ಹಂಚಿಕೊಂಡ ಸಾಧನ' ಎಂಬರ್ಥದ ಗುರುತಿದ್ದರೆ ಅಥವಾ ನಿಮಗೆ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಲು, ಇನ್ನೊಬ್ಬರನ್ನು ಸೇರಿಸಲು ಅವಕಾಶವೇ ಕಾಣದಿದ್ದರೆ ನೀವು ಅತಿಥಿ, ಯಜಮಾನರು ಬೇರೆಯವರು. ನೀವೇ ಯಜಮಾನರಾಗಿದ್ದರೆ ಯಾರುಯಾರಿಗೆ ಹಂಚಲಾಗಿದೆ ಎಂಬ ಪಟ್ಟಿ, ಯಾವ ಮೊಬೈಲುಗಳಿಂದ ಲಾಗಿನ್ ಆಗಿದೆ ಎಂಬ ಪಟ್ಟಿ ಸಿಗುತ್ತದೆ. ಒಂದೊಂದು ಹೆಸರನ್ನೂ ಗುರುತು ಹಿಡಿಯಿರಿ.

ಯಜಮಾನ ಬೇರೆಯವನಾದರೆ ಕ್ಯಾಮೆರಾದ ಹಿಂದಿನ ರೀಸೆಟ್ ಗುಂಡಿ ಒತ್ತಿದರೆ ಮುಗಿಯಿತು ಎಂದುಕೊಳ್ಳಬೇಡಿ. ಕಳ್ಳರಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಅನೇಕ ಕಂಪನಿಗಳು ಕ್ಯಾಮೆರಾವನ್ನು ಮೊದಲ ಖಾತೆಗೆ ಕಟ್ಟಿಹಾಕಿರುತ್ತವೆ. ರೀಸೆಟ್ ಮಾಡಿದರೂ ಆ ಗಂಟು ಬಿಚ್ಚುವುದಿಲ್ಲ. ಆ ಹುಡುಗನೇ ತನ್ನ ಆ್ಯಪ್‌ನಿಂದ ಅದನ್ನು ಅಳಿಸಬೇಕು. ಅವನು ಸಿಗದಿದ್ದರೆ ಬಿಲ್ಲು ಮತ್ತು ಕ್ಯಾಮೆರಾದ ತಳದಲ್ಲಿರುವ ಸೀರಿಯಲ್ ಸಂಖ್ಯೆಯೊಂದಿಗೆ ಕಂಪನಿಯ ಸಹಾಯವಾಣಿಗೆ ಬರೆದು ಬಿಡಿಸಿಕೊಳ್ಳಬೇಕು. ಆಮೇಲೆ ನಿಮ್ಮ ಸಂಖ್ಯೆಯಲ್ಲಿ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಟು, ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ಏರ್ಪಾಡು) ಹಾಕಿ ಹೊಸದಾಗಿ ಸೇರಿಸಿ.

ಬೇರೆಲ್ಲೂ ಬಳಸದ ಪಾಸ್‌ವರ್ಡ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರ ಡಿಸೆಂಬರಿನಲ್ಲಿ ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯದ ಮನೆಯೊಂದರಲ್ಲಿ ಎಂಟು ವರ್ಷದ ಹುಡುಗಿಯ ಕೋಣೆಯಲ್ಲಿದ್ದ ರಿಂಗ್ ಎಂಬ ಕಂಪನಿಯ ಕ್ಯಾಮೆರಾದಿಂದ ಅಪರಿಚಿತ ಗಂಡಸೊಬ್ಬನ ದನಿ ಮಗುವನ್ನು ಮಾತಾಡಿಸಿತು. ಅದೇ ದಿನಗಳಲ್ಲಿ ಇಂಥ ಇನ್ನೂ ಕೆಲವು ಪ್ರಕರಣಗಳು ಹೊರಬಂದವು. ಬೇರೆ ಯಾವುದೋ ಜಾಲತಾಣದಿಂದ ಸೋರಿಹೋದ ಇಮೇಲ್ ಮತ್ತು ಪಾಸ್‌ವರ್ಡ್ ಪಟ್ಟಿಯನ್ನು ತಂದು ಇಲ್ಲಿ ಒಂದೊಂದಾಗಿ ಹಚ್ಚಿ ನೋಡುವುದು ಇಂಥವರ ದಾರಿ. ಕ್ಯಾಮೆರಾವನ್ನು ಯಾರೂ 'ಒಡೆಯುವುದಿಲ್ಲ'. ಸರಿಯಾದ ಪಾಸ್‌ವರ್ಡ್ ಕೊಟ್ಟು ಬಾಗಿಲಿನಿಂದಲೇ ಒಳಗೆ ಬರುತ್ತಾರೆ. 2020ರ ಫೆಬ್ರುವರಿಯಲ್ಲಿ ಆ ಕಂಪನಿ ಎರಡು ಹಂತದ ದೃಢೀಕರಣವನ್ನು ಎಲ್ಲರಿಗೂ ಕಡ್ಡಾಯ ಮಾಡಿತು.

ನಮ್ಮ ದೇಶದ ಉದಾಹರಣೆ ಇನ್ನೂ ಕಹಿಯಾದದ್ದು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡವು. ವೈದ್ಯರು ಹೆಣ್ಣುಮಕ್ಕಳನ್ನು ಪರೀಕ್ಷಿಸುವ ಕೋಣೆಯ ದೃಶ್ಯಗಳು ಅವು. ಯೂಟ್ಯೂಬ್‌ನಲ್ಲಿದ್ದದ್ದು ಬರೀ ತುಣುಕು, ಗಿರಾಕಿಗಳನ್ನು ಕರೆಯುವ ಜಾಹೀರಾತು. ಪೂರ್ತಿ ವಿಡಿಯೊಗಳು ಟೆಲಿಗ್ರಾಮ್ ಗುಂಪುಗಳಲ್ಲಿ ಹಣಕ್ಕೆ ಮಾರಾಟವಾಗುತ್ತಿದ್ದವು. ತನಿಖೆಯಲ್ಲಿ ಹೊರಬಂದ ಆ ಆಸ್ಪತ್ರೆಯ ಪಾಸ್‌ವರ್ಡ್ 'ಅಡ್ಮಿನ್123'. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ದಕ್ಷಿಣ ಕೊರಿಯಾದ ಪೊಲೀಸರು 1,20,000ಕ್ಕೂ ಹೆಚ್ಚು ಕ್ಯಾಮೆರಾಗಳಿಗೆ ನುಗ್ಗಿದ ಆರೋಪದ ಮೇಲೆ ನಾಲ್ವರನ್ನು ಬಂಧಿಸಿದ ಸುದ್ದಿ ಪ್ರಕಟಿಸಿದರು. ಮನೆಗಳು, ಅಂಗಡಿಗಳು, ಸ್ತ್ರೀರೋಗ ಚಿಕಿತ್ಸಾಲಯವೂ ಅದರಲ್ಲಿದ್ದವು. ಅಲ್ಲಿಯೂ ದಾರಿ ಮಾಡಿಕೊಟ್ಟದ್ದು ಸರಳ ಪಾಸ್‌ವರ್ಡ್‌ಗಳೇ, ಅಲ್ಲಿಯೂ ಅಶ್ಲೀಲ ತಾಣಕ್ಕೆ ಮಾರಾಟವಿತ್ತು.

'ನಮ್ಮ ಮನೆಯಲ್ಲಿ ನೋಡುವಂಥದ್ದೇನಿದೆ' ಎಂದು ಜನ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಪ್ರಕರಣಗಳು ನೆನಪಾಗುತ್ತವೆ. ಕದಿಯುವವನು ನಿಮ್ಮನ್ನು ಹುಡುಕಿಕೊಂಡು ಬಂದವನಲ್ಲ. ಅವನ ಪ್ರೋಗ್ರಾಂ ಇಂಟರ್ನೆಟ್ಟಿನ ವಿಳಾಸಗಳನ್ನು ಒಂದಾದ ಮೇಲೊಂದು ತಟ್ಟುತ್ತ ಹೋಗುತ್ತದೆ, ತೆರೆದದ್ದನ್ನು ಪಟ್ಟಿ ಮಾಡಿಕೊಳ್ಳುತ್ತದೆ. 2016ರಲ್ಲಿ ಮಿರೈ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಿಂದಲೇ ಬಂದ ಅರವತ್ತಕ್ಕೂ ಸ್ವಲ್ಪ ಹೆಚ್ಚು ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿ, ಅಷ್ಟೆ. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳೆಲ್ಲ ಒಟ್ಟಾಗಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್‌ನಂಥ ತಾಣಗಳು ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ತೆರೆಯಲಿಲ್ಲ. ಮಿರೈಯನ್ನು ಬರೆದವರು ಮೈನ್‌ಕ್ರಾಫ್ಟ್ ಆಟದ ಸರ್ವರ್ ವ್ಯವಹಾರದ ಪೈಪೋಟಿಯಿಂದ ಈ ದಂಧೆಗೆ ಇಳಿದ ಮೂವರು ಯುವಕರು, 2017ರಲ್ಲಿ ತಪ್ಪೊಪ್ಪಿಕೊಂಡರು. ಅವರ ಕೈಯಲ್ಲಿದ್ದ ಕ್ಯಾಮೆರಾಗಳ ಯಜಮಾನರಿಗೆ ಏನೂ ಗೊತ್ತಾಗಲಿಲ್ಲ. ಚಿತ್ರ ಎಂದಿನಂತೆ ಬರುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ನಿಮ್ಮ ಕೈಯಲ್ಲಿರುವ ಬೀಗದ ವಿಷಯ. ಬೀಗ ಎಷ್ಟು ಗಟ್ಟಿಯಾದರೂ ತಡೆಯಲಾಗದ ಒಂದು ದಾರಿ ಇದೆ: ವಿಡಿಯೊ ಹೋಗಿ ಕೂರುವ ಕಂಪನಿ. ನಿಮ್ಮ ಆ್ಯಪ್‌ಗೆ ಚಿತ್ರ ಪುಣೆಯಲ್ಲಿ ಸಿಗುತ್ತದೆ ಎಂದರೆ ನಡುವೆ ಯಾರದೋ ಸರ್ವರ್ ಇದೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ರಿಂಗ್ ಕಂಪನಿಯ ಮೇಲೆ ಹೂಡಿದ ದೂರಿನಲ್ಲಿ, 2017ರಲ್ಲಿ ಅಲ್ಲಿನ ಒಬ್ಬ ನೌಕರ ಹೆಣ್ಣುಮಕ್ಕಳ ಮನೆಗಳ ಸಾವಿರಾರು ವಿಡಿಯೊಗಳನ್ನು ತಿಂಗಳುಗಟ್ಟಲೆ ನೋಡಿದ್ದನೆಂದು ಹೇಳಿದೆ. ಅವನು ಆರಿಸಿಕೊಳ್ಳುತ್ತಿದ್ದದ್ದು ಮಲಗುವ ಕೋಣೆ, ಬಚ್ಚಲುಮನೆಗಳ ಕ್ಯಾಮೆರಾಗಳನ್ನು. ಕಂಪನಿ 58 ಲಕ್ಷ ಡಾಲರ್ ಕೊಡಲು ಒಪ್ಪಿತು. 2024ರ ಫೆಬ್ರುವರಿಯಲ್ಲಿ ವೈಜ್ ಎಂಬ ಕಂಪನಿಯ ಸರ್ವರ್ ಎಡವಟ್ಟಿನಿಂದ ಸುಮಾರು 13,000 ಗ್ರಾಹಕರ ಆ್ಯಪ್‌ನಲ್ಲಿ ಬೇರೆಯವರ ಮನೆಯ ಚಿತ್ರಗಳು ಮೂಡಿದವು. ಈ ಎರಡು ಸಂದರ್ಭಗಳಲ್ಲಿ ಗ್ರಾಹಕರ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯವನ್ನು ಸುತ್ತಿಬಳಸದೆ ಹೇಳುತ್ತೇನೆ. ನಡುಮನೆಯ ಕ್ಯಾಮೆರಾ ಇರಲಿ. ಮಲಗುವ ಕೋಣೆಯದನ್ನು ತೆಗೆದುಬಿಡಿ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಒಮ್ಮೆ ಯೋಚಿಸಿ. ಸೊಂಟದ ಮೂಳೆ ಮುರಿದ ವೃದ್ಧೆಗೆ ಹಾಸಿಗೆಯಲ್ಲೇ ಮೈ ಒರೆಸುತ್ತಾರೆ, ಬಟ್ಟೆ ಬದಲಿಸುತ್ತಾರೆ, ಬೆಡ್‌ಪ್ಯಾನ್ ಕೊಡುತ್ತಾರೆ. ರಾತ್ರಿ ಅಲ್ಲೇ ಮಲಗುವ ನರ್ಸ್ ಕೂಡ ಬಹುಶಃ ಅಲ್ಲೇ ಸೀರೆ ಬದಲಿಸುತ್ತಾರೆ. ಇವೆಲ್ಲ ದಿನವೂ ದಾಖಲಾಗಿ ಯಾವುದೋ ಸರ್ವರಿನಲ್ಲಿ ಕೂರುತ್ತಿರಬಹುದು. ರಾಜ್‌ಕೋಟ್‌ನಲ್ಲಿ ಮಾರಾಟವಾದದ್ದು ಇಂಥವೇ ದೃಶ್ಯಗಳು. ಆಸ್ಪತ್ರೆಯವರೂ ಕ್ಯಾಮೆರಾ ಹಾಕಿದ್ದು ಭದ್ರತೆಗೆಂದೇ.

ಬಿದ್ದರೆ ಗೊತ್ತಾಗಬೇಕಲ್ಲ ಎಂಬ ನಿಮ್ಮ ಆತಂಕ ನ್ಯಾಯವಾದದ್ದು. ಅದಕ್ಕೆ ಚಿತ್ರವೇ ಬೇಕಿಲ್ಲ. ಕತ್ತಿಗೆ ಹಾಕಿಕೊಳ್ಳುವ ಅಥವಾ ಹಾಸಿಗೆಯ ಪಕ್ಕ ಇಡುವ ತುರ್ತು ಕರೆಯ ಗುಂಡಿಗಳು ಸಿಗುತ್ತವೆ. ಬಾಗಿಲಿಗೆ, ಕೋಣೆಗೆ ಹಚ್ಚುವ ಚಲನೆಯ ಸೆನ್ಸರ್‌ಗಳಿವೆ. ಬೆಳಿಗ್ಗೆ ಇಂಥ ಹೊತ್ತಾದರೂ ಯಾರೂ ಓಡಾಡಿಲ್ಲ ಎಂಬಷ್ಟನ್ನು ಅವು ತಿಳಿಸುತ್ತವೆ, ಯಾರ ಮೈಯನ್ನೂ ತೋರಿಸುವುದಿಲ್ಲ. ಕೋಣೆಯಿಂದ ನಡುಮನೆಗೆ ಬರುವ ಬಾಗಿಲು ಕಾಣುವಂತೆ ನಡುಮನೆಯ ಕ್ಯಾಮೆರಾ ತಿರುಗಿಸಿದರೆ ಯಾರು ಬಂದರು, ಎಷ್ಟು ಹೊತ್ತಿಗೆ ಔಷಧಿಗೆ ಎದ್ದರು ಎಂಬುದೆಲ್ಲ ತಿಳಿಯುತ್ತದೆ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿ, ಕಂಪನಿಯ ಕ್ಲೌಡ್ ಯೋಜನೆಯನ್ನು ಬಿಡಿ. ಹಳೆಯ ದಾಖಲೆ ಮನೆಯಲ್ಲೇ ಉಳಿಯಲಿ. ಮೈಕ್ ಅಗತ್ಯವಿಲ್ಲದಿದ್ದರೆ ಅದನ್ನೂ ಆಫ್ ಮಾಡಿ. ನಡುಮನೆಯ ಮಾತುಕತೆಯಲ್ಲಿ ಬ್ಯಾಂಕಿನ ವಿಷಯವೂ ಇರುತ್ತದೆ, ನೆಂಟರ ಕಷ್ಟಸುಖವೂ ಇರುತ್ತದೆ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು. ಅಮ್ಮನನ್ನು ನೋಡಿಕೊಳ್ಳುವ ಆ ಹೆಣ್ಣುಮಗಳಿಗೆ ಕ್ಯಾಮೆರಾ ಇರುವುದು, ಯಾರುಯಾರು ನೋಡುತ್ತಾರೆ ಎಂಬುದು ಗೊತ್ತೇ? ಅಮ್ಮನ ಒಪ್ಪಿಗೆಯನ್ನಾದರೂ ಕೇಳಿದ್ದೀರಾ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾದವರಿಗೆ ಖಾಸಗಿತನವೇಕೆ ಎಂದು ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ಅನ್ವಯಿಸುತ್ತದೆ. ವ್ಯಕ್ತಿಯೊಬ್ಬ ತನ್ನ ಮನೆಯ ಬಳಕೆಗೆ ಇಟ್ಟುಕೊಂಡದ್ದಕ್ಕೆ ಅನ್ವಯಿಸುವುದಿಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಮನೆಯನ್ನೂ ಬಿಡುವುದಿಲ್ಲ. ಒಬ್ಬರ ಗುಪ್ತಾಂಗಗಳ ಚಿತ್ರವನ್ನು, ಒಳ ಉಡುಪು ಮಾತ್ರ ಇದ್ದಾಗಲೂ ಸೇರಿ, ಅವರ ಒಪ್ಪಿಗೆಯಿಲ್ಲದೆ ಬೇಕೆಂದೇ ತೆಗೆದರೆ ಅಥವಾ ಹಂಚಿದರೆ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನರ್ಸ್‌ಗೆ ಹೇಳಿ. ನಡುಮನೆಯಲ್ಲಿ ಮಾತ್ರ ಕ್ಯಾಮೆರಾ ಇದೆ, ನಾನು ಮತ್ತು ಅಣ್ಣ ಮಾತ್ರ ನೋಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ. ಅವರ ಮೇಲೆ ನಿಮಗೆ ಸಂಶಯವಿದ್ದರೆ ಅದಕ್ಕೆ ಗುಟ್ಟಿನ ಕ್ಯಾಮೆರಾ ಮದ್ದಲ್ಲ. ಅವರನ್ನು ಕಳಿಸಿದ ಏಜೆನ್ಸಿಯೊಂದಿಗೆ ಮಾತಾಡಿ ಬೇರೆಯವರನ್ನು ಕರೆಸಿಕೊಳ್ಳಿ.

ಇನ್ನು ಟಿವಿ ಬಾಕ್ಸ್. ಕ್ಯಾಮೆರಾಕ್ಕಿಂತ ಬೇಗ ಇದನ್ನು ಕಿತ್ತುಹಾಕಿ. ಹೆಸರಿಲ್ಲದ ಅಥವಾ ಹೆಸರು ಕೇಳಿರದ ಎಷ್ಟೋ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಕುತಂತ್ರಾಂಶ ಕೊಳ್ಳುವ ಮೊದಲೇ ಕೂತಿರುತ್ತದೆ. ನೀವು ಏನೂ ತಪ್ಪು ಮಾಡಬೇಕಾಗಿಯೇ ಇಲ್ಲ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಸೈಬರ್ ಭದ್ರತಾ ಇಲಾಖೆ ಬ್ಯಾಡ್‌ಬಾಕ್ಸ್ ಎಂಬ ಇಂಥ ಕುತಂತ್ರಾಂಶ ಹೊತ್ತ ಸುಮಾರು 30,000 ಸಾಧನಗಳಿಗೆ ಅದನ್ನು ನಡೆಸುವವರ ಸರ್ವರ್‌ಗಳೊಂದಿಗಿದ್ದ ಸಂಪರ್ಕವನ್ನು ಕತ್ತರಿಸಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಅದರ ಎರಡನೆಯ ಅವತಾರದ ಬಗ್ಗೆ ಎಚ್ಚರಿಸಿತು. ಮರುತಿಂಗಳು ಗೂಗಲ್ ಹೂಡಿದ ಮೊಕದ್ದಮೆಯಲ್ಲಿ ಒಂದು ಕೋಟಿಗೂ ಹೆಚ್ಚು ಸಾಧನಗಳು ಅದರ ವಶದಲ್ಲಿವೆ ಎಂದು ಹೇಳಿತು. ಈ ಬಾಕ್ಸ್‌ಗಳು ಮಾಡುವ ಕೆಲಸಗಳಲ್ಲಿ ಅತಿ ಅಪಾಯದ್ದು, ನಿಮ್ಮ ಮನೆಯ ಇಂಟರ್ನೆಟ್ ಸಂಪರ್ಕವನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವುದು. ಯಾರೋ ಎಲ್ಲೋ ಕೂತು ಮಾಡಿದ ವಂಚನೆ ನಿಮ್ಮ ಶಿವಮೊಗ್ಗದ ಮನೆಯ ವಿಳಾಸದಿಂದ ನಡೆದಂತೆ ದಾಖಲಾಗುತ್ತದೆ. ಪೊಲೀಸರು ಬಂದು ಬಾಗಿಲು ತಟ್ಟಿದರೆ ಉತ್ತರ ಹೇಳಬೇಕಾದವರು ನಿಮ್ಮ ಅಮ್ಮ. ಎಲ್ಲ ಚಾನೆಲ್ ಪುಕ್ಕಟೆ ಎಂದು ಮಾರುವ ಬಾಕ್ಸ್ ಆದರೆ ಎರಡನೆಯ ಯೋಚನೆಯೇ ಬೇಡ.

ಸ್ಮಾರ್ಟ್ ಟಿವಿ ಅಷ್ಟು ಅಪಾಯದ್ದಲ್ಲ, ಆದರೆ ಬಾಯಿಬಡುಕ. ತೆರೆಯ ಮೇಲಿನ ಚಿತ್ರದ ತುಣುಕುಗಳನ್ನು ಹೆಕ್ಕಿ, ಅದು ಯಾವ ಕಾರ್ಯಕ್ರಮ ಎಂದು ಗುರುತಿಸಿ ಜಾಹೀರಾತಿನವರಿಗೆ ತಲುಪಿಸುವ ವ್ಯವಸ್ಥೆ ಅನೇಕ ಟಿವಿಗಳಲ್ಲಿದೆ. ಕೇಬಲ್ ಅಥವಾ ಡಿಟಿಎಚ್‌ನಿಂದ ನೋಡಿದರೂ ಅದು ಗುರುತಿಸುತ್ತದೆ. 1.1 ಕೋಟಿ ಟಿವಿಗಳಿಂದ ಹೇಳದೆ ಹೀಗೆ ಸಂಗ್ರಹಿಸಿದ್ದಕ್ಕೆ ವಿಜಿಯೊ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕೊಡಬೇಕಾಯಿತು. ಸೆಟ್ಟಿಂಗ್ಸ್‌ನ ಖಾಸಗಿತನದ ಭಾಗದಲ್ಲಿ ವೀಕ್ಷಣಾ ಮಾಹಿತಿ, ಆಸಕ್ತಿ ಆಧಾರಿತ ಜಾಹೀರಾತು ಎಂಬರ್ಥದ ಸಾಲುಗಳಿರುತ್ತವೆ. ಎರಡನ್ನೂ ಆಫ್ ಮಾಡಿ. ಟಿವಿ ಎಂದಿನಂತೆ ನಡೆಯುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ರೂಟರ್ ನೋಡಿ. ಕೇಬಲಿನವರು ಗ್ರಾಹಕರ ಮೊಬೈಲ್ ಸಂಖ್ಯೆಯನ್ನೇ ವೈಫೈ ಪಾಸ್‌ವರ್ಡ್ ಮಾಡಿ ಹೋಗುವ ರೂಢಿ ಇದೆ. ಬೀದಿಗೆಲ್ಲ ಗೊತ್ತಿರುವ ಪಾಸ್‌ವರ್ಡ್ ಅದು. ವೈಫೈ ಪಾಸ್‌ವರ್ಡ್ ಬೇರೆ, ರೂಟರಿನ ಒಳಹೊಕ್ಕು ಬದಲಾವಣೆ ಮಾಡುವ ಅಡ್ಮಿನ್ ಪಾಸ್‌ವರ್ಡ್ ಬೇರೆ, ಎರಡನ್ನೂ ಬದಲಿಸಿ. ಯುಪಿಎನ್‌ಪಿ ಎಂಬ ಸೌಲಭ್ಯವನ್ನು ಆಫ್ ಮಾಡಿ, ಮನೆಯೊಳಗಿನ ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನವರಿಗೆ ಬಾಗಿಲು ತೆರೆಯುವುದು ಇದರಿಂದಲೇ. ಅತಿಥಿ ವೈಫೈ ಇದ್ದರೆ ಕ್ಯಾಮೆರಾ ಮತ್ತು ಟಿವಿಯನ್ನು ಅದಕ್ಕೆ ಸೇರಿಸಿ, ಮೊಬೈಲ್–ಲ್ಯಾಪ್‌ಟಾಪ್‌ಗಳನ್ನು ಮುಖ್ಯ ವೈಫೈನಲ್ಲೇ ಇಡಿ. ಒಂದು ಕೆಟ್ಟರೆ ಇನ್ನೊಂದಕ್ಕೆ ಅಂಟುವುದು ಕಡಿಮೆಯಾಗುತ್ತದೆ.

ಹೊಸ ಕ್ಯಾಮೆರಾ ಕೊಳ್ಳುವುದಾದರೆ 2025ರ ಏಪ್ರಿಲ್‌ನಿಂದ ಭಾರತದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿರುವುದು ನೆನಪಿರಲಿ. ಈ ಪರೀಕ್ಷೆ ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆ ಎಸ್‌ಟಿಕ್ಯುಸಿಯ ಪ್ರಮಾಣಪತ್ರ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ಬ್ರಿಟನ್ ಒಂದು ವರ್ಷ ಮೊದಲೇ, 2024ರ ಏಪ್ರಿಲ್ 29ರಿಂದ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡಿನೊಂದಿಗೆ ಇಂಥ ಸಾಧನ ಮಾರುವುದನ್ನೇ ನಿಷೇಧಿಸಿದೆ, ಭದ್ರತಾ ಅಪ್‌ಡೇಟ್ ಎಷ್ಟು ಕಾಲ ಕೊಡುತ್ತೀರಿ ಎಂದು ತಯಾರಕರು ಮೊದಲೇ ಹೇಳಬೇಕೆಂದೂ ವಿಧಿಸಿದೆ. ನಮ್ಮ ಮನೆ, ಅಂಗಡಿ, ಆಸ್ಪತ್ರೆ, ಪಿಜಿಗಳ ಗೋಡೆಯ ಮೇಲೆ ಈಗಾಗಲೇ ತೂಗುತ್ತಿರುವ ಹಳೆಯ ಕ್ಯಾಮೆರಾಗಳನ್ನು ಮಾತ್ರ ಈ ಹೊಸ ನಿಯಮ ಮುಟ್ಟುವುದಿಲ್ಲ. ಅಪ್‌ಡೇಟ್ ನಿಂತುಹೋದ ಕ್ಯಾಮೆರಾ ಚೆನ್ನಾಗಿಯೇ ಚಿತ್ರ ಕೊಡುತ್ತಿದ್ದರೂ ಅದನ್ನು ಇಂಟರ್ನೆಟ್ಟಿನಿಂದ ಬಿಡಿಸುವುದೇ ಸರಿ.

ಕೊನೆಯದಾಗಿ, ಪಟ್ಟಿಯಲ್ಲಿ ನಿಜವಾಗಿಯೂ ಅಪರಿಚಿತ ಹೆಸರೋ ಲಾಗಿನ್ನೋ ಸಿಕ್ಕರೆ ಏನು ಮಾಡಬೇಕು? ಕೋಪದಲ್ಲಿ ಎಲ್ಲವನ್ನೂ ಅಳಿಸಬೇಡಿ. ಕ್ಯಾಮೆರಾದ ಪ್ಲಗ್ ಕೀಳಿ. ಮೆಮೊರಿ ಕಾರ್ಡ್ ಇದ್ದರೆ ಹಾಗೇ ಇರಲಿ. ದೂರನ್ನು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಬಹುದು. ಹೆಣ್ಣುಮಕ್ಕಳ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ, ಹೆಸರು ಹೇಳದೆಯೂ ದೂರು ಸಲ್ಲಿಸಬಹುದು. 1930 ಸಹಾಯವಾಣಿ ಮುಖ್ಯವಾಗಿ ಹಣ ಕಳೆದುಕೊಂಡವರಿಗೆ. ಕರ್ನಾಟಕದಲ್ಲಿ ಜಿಲ್ಲೆಗೊಂದರಂತೆ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಶಿವಮೊಗ್ಗದ ಠಾಣೆಗೆ ನಿಮ್ಮ ಅಣ್ಣ ಹೋಗಿ ಲಿಖಿತ ದೂರು ಕೊಡಲಿ. ಅದಕ್ಕೆ ಮೊದಲು ಹಂಚಿಕೆಯ ಪಟ್ಟಿ, ಲಾಗಿನ್ ಪಟ್ಟಿ ಎರಡರದ್ದೂ ದಿನಾಂಕ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಂಗಡಿಯ ಹುಡುಗನನ್ನು ಕರೆಸಿ ಖಾತೆ ಬಿಡಿಸಿಕೊಳ್ಳುವುದು ಆಮೇಲಿನ ಕೆಲಸ; ಒಮ್ಮೆ ಬಿಡಿಸಿಕೊಂಡರೆ ಆ ಪಟ್ಟಿಗಳು ಬಹುತೇಕ ಆ್ಯಪ್‌ಗಳಲ್ಲಿ ಮತ್ತೆ ಸಿಗುವುದಿಲ್ಲ.